ಭದ್ರಾವತಿಯ ಶೀಲಾ ಗೌಡ: ಕ್ಯಾನ್ವಾಸಿನಿಂದ ಹೊರಬಂದ ಗೆರೆ

ಅಮೂರ್ತ ಕಲೆಯ ಮಾತೆತ್ತಿದರೆ ನಮ್ಮ ಬುಕ್ಕಾಂಬುಧಿಯಂಥ ಊರುಗಳಲ್ಲಿ 'ಅದೆಲ್ಲ ಪಟ್ಟಣದವರಿಗೆ ಬಿಡಿ, ನಮಗೇನು ತಿಳಿಯುತ್ತೆ' ಅನ್ನುವವರೇ ಹೆಚ್ಚು. ನನಗೆ ಹಾಗನ್ನಿಸುವುದಿಲ್ಲ. ಇಂಥ ಕಲೆಯಲ್ಲಿ ತಮ್ಮದೇ ದಾರಿ ಹಿಡಿದು ಜಗತ್ತಿನ ಗಮನ ಸೆಳೆದ ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಇಲ್ಲೇ ಭದ್ರಾವತಿಯಲ್ಲಿ. ಅವರು ಕೆಲಸಕ್ಕೆ ಬಳಸಿದ್ದು ನಮ್ಮ ಮನೆ ಹಿತ್ತಿಲಲ್ಲೇ ಸಿಗುವ ಸಾಮಾನು.

ಮೊದಲು ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ನ್ಯೂಯಾರ್ಕಿನ ಕೆಲವು ಚಿತ್ರಕಾರರು ಮರ, ಮನೆ, ಮನುಷ್ಯರ ರೂಪ ಬರೆಯುವುದನ್ನು ಬಿಟ್ಟರು. ಕುಂಚ ಬೀಸಿದ ರಭಸ, ಬಣ್ಣ ಹರಿದ ಬಗೆ ಇವೇ ಒಳಗಿನ ತಳಮಳವನ್ನು ಹೇಳಬಲ್ಲವು ಎಂದು ಅವರು ನಂಬಿದ್ದರು. ಅದಕ್ಕೆ ಅಮೂರ್ತ ಅಭಿವ್ಯಕ್ತಿವಾದ ಎಂಬ ಹೆಸರು ಬಂತು. ಜಾಕ್ಸನ್ ಪೊಲಾಕ್ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಅದರ ಸುತ್ತ ಓಡಾಡುತ್ತ ಬಣ್ಣ ಸುರಿದರು. ಅವರ ಹೆಂಡತಿ ಲೀ ಕ್ರಾಸ್ನರ್ ಕೂಡ ದೊಡ್ಡ ಕಲಾವಿದೆ. ಆದರೆ ಪೊಲಾಕ್ ಕೆಲಸಕ್ಕೆ ಹಿತ್ತಿಲಿನ ದೊಡ್ಡ ಕೊಟ್ಟಿಗೆಯಿತ್ತು. ಕ್ರಾಸ್ನರ್ ಮಹಡಿಯ ಮಲಗುವ ಕೋಣೆಯಲ್ಲಿ ಸಣ್ಣ ಸಣ್ಣ ಚಿತ್ರ ಬರೆದರು. 1956ರಲ್ಲಿ ಪೊಲಾಕ್ ಕಾರು ಅಪಘಾತದಲ್ಲಿ ತೀರಿಕೊಂಡ ಮೇಲೆ ಅವರು ಆ ಕೊಟ್ಟಿಗೆಗೆ ಬಂದರು. ಮರುವರ್ಷ ಬರೆದ 'ದಿ ಸೀಸನ್ಸ್' ಸುಮಾರು 17 ಅಡಿ ಅಗಲವಿದೆ. ಕೈ ಎಷ್ಟು ದೂರ ಚಾಚಬಹುದು ಎಂಬುದನ್ನು ಜಾಗವೂ ನಿರ್ಧರಿಸುತ್ತದೆ, ನೋಡಿ.

ಶೀಲಾ ಗೌಡ ಆ ಚಳವಳಿಗೆ ಸೇರಿದವರಲ್ಲ, ನಂತರದ ತಲೆಮಾರಿನವರು. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್.ಎಂ. ಹಡಪದ್ ಅವರ ಕೈಕೆಳಗೆ ಕಲಿತು, ಶಾಂತಿನಿಕೇತನಕ್ಕೂ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗೂ ಹೋಗಿ ಬಂದರು. ಶುರುವಿನಲ್ಲಿ ಚಿತ್ರ ಬರೆಯುತ್ತಿದ್ದವರು, ತೊಂಬತ್ತರ ದಶಕದ ಆರಂಭದಲ್ಲಿ ದೇಶದಲ್ಲಿ ಕೋಮು ಹಿಂಸೆ ಹೆಚ್ಚಿದಾಗ ಸಗಣಿಯನ್ನು ಕೈಗೆತ್ತಿಕೊಂಡರು. ಪೂಜೆಗೂ ಒಲೆಗೂ ಬೇಕಾಗುವ ಸಗಣಿ; ಸಾರಿಸಿ, ಬೆರಣಿ ತಟ್ಟಿ ಹೆಣ್ಣುಮಕ್ಕಳ ಕೈ ಪಳಗಿರುವ ಸಗಣಿ.

1998ರಲ್ಲಿ ಶುರುವಾದ 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್' ಎಂಬ ಕೃತಿಯನ್ನು ಹತ್ತಿರದಿಂದ ನೋಡೋಣ. ನೂರಾರು ಅಡಿ ಉದ್ದದ ದಾರವನ್ನು ಸೂಜಿಗೆ ಪೋಣಿಸಿ, ಪೂರ್ತಿ ಎಳೆದು, ಅಂಥ ಎಷ್ಟೋ ಎಳೆಗಳನ್ನು ಕೂಡಿಸಿ, ಅಂಟು ಮತ್ತು ಕುಂಕುಮ ಸವರಿ ಹುರಿ ಮಾಡಿದ್ದಾರೆ. ಸೂಜಿಗಳು ತುದಿಯಲ್ಲಿ ಗೊಂಚಲಾಗಿ ಹಾಗೇ ಉಳಿದಿವೆ. ಕೆಂಪು ಹುರಿ ಗೋಡೆಯಿಂದ ಜೋತು, ನೆಲದಲ್ಲಿ ಸುತ್ತಿಕೊಂಡಿದೆ. ಪೊಲಾಕ್ ಸುರಿದ ಗೆರೆಯೇ ಕ್ಯಾನ್ವಾಸಿನಿಂದ ಎದ್ದು ಬಂದಂತಿದೆ. ಅದರಲ್ಲಿ ಯಾವ ಹೆಂಗಸಿನ ಚಿತ್ರವೂ ಇಲ್ಲ. ಆದರೂ ಹೊಲಿಗೆ, ಕುಂಕುಮ, ರಕ್ತ, ಹೊಕ್ಕುಳ ಬಳ್ಳಿ ಎಲ್ಲವೂ ಒಟ್ಟಿಗೇ ನೆನಪಾಗುತ್ತವೆ.

ಇನ್ನೊಂದು ಕೃತಿ 'ಬಿಹೋಲ್ಡ್', 2009ರಲ್ಲಿ ವೆನಿಸ್ ದ್ವೈವಾರ್ಷಿಕ ಪ್ರದರ್ಶನಕ್ಕೆ ಹೋದದ್ದು. ದೇವರಿಗೆ ಮುಡಿ ಕೊಟ್ಟ ಕೂದಲಿನಲ್ಲಿ ಉದ್ದನೆಯದು ವಿಗ್ ಮಾಡುವವರಿಗೆ ಮಾರಾಟವಾಗುತ್ತದೆ. ಗಿಡ್ಡ ಕೂದಲನ್ನು ಹಗ್ಗವಾಗಿ ಹೊಸೆದು, ದೃಷ್ಟಿ ತಾಕದಿರಲೆಂದು ವಾಹನಗಳ ಬಂಪರಿಗೆ ಕಟ್ಟುತ್ತಾರೆ. ಶೀಲಾ ಅಂಥ ಹಗ್ಗವನ್ನು ಸುಮಾರು 4,000 ಮೀಟರಿನಷ್ಟು ತಂದು, ಅದರಲ್ಲೇ 20ರಷ್ಟು ಉಕ್ಕಿನ ಬಂಪರುಗಳನ್ನು ತೂಗುಹಾಕಿದರು. ಭಾರದ ಉಕ್ಕನ್ನು ಹಿಡಿದಿರುವುದು ಯಾರ್ಯಾರೋ ಹರಕೆ ಹೊತ್ತು ಕೊಟ್ಟ ಕೂದಲು. ಭಯ, ನಂಬಿಕೆ ಎರಡಕ್ಕೂ ಇಲ್ಲಿ ತೂಕ ಬಂದಿದೆ. ಈಗ ಈ ಕೃತಿ ಲಂಡನ್ನಿನ ಟೇಟ್ ಕಲಾ ಗ್ಯಾಲರಿಯ ಸಂಗ್ರಹದಲ್ಲಿದೆ.

ಮುಡಿ ಕೊಟ್ಟು ಬಂದವರಿಗೆ, ಅಂಗಳ ಸಾರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕೆ? ವೆನಿಸ್ಸಿನ ನೋಡುಗರು ವಿವರಣೆಯ ಫಲಕ ಓದಿ ತಿಳಿಯಬೇಕಾದ್ದು ನಮಗೆ ನೋಡುತ್ತಲೇ ತಿಳಿಯುತ್ತದೆ. ಮುಂದೆ ಬೆಂಗಳೂರಿಗೆ ಹೋದಾಗ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೋ ಚಿತ್ರಕಲಾ ಪರಿಷತ್ತಿಗೋ ಒಮ್ಮೆ ಹೋಗಿ. 'ಇದು ಯಾವುದರ ಚಿತ್ರ' ಎಂಬ ಪ್ರಶ್ನೆಯನ್ನು ಬದಿಗಿಟ್ಟು, 'ಇದನ್ನು ಏತರಿಂದ ಮಾಡಿದ್ದಾರೆ, ಎಷ್ಟು ದುಡಿದಿದ್ದಾರೆ' ಎಂದು ಕೇಳಿಕೊಳ್ಳಿ. ದುಡಿಮೆಯ ಗುರುತು ಹಿಡಿಯುವುದನ್ನು ಯಾರೂ ನಮಗೆ ಕಲಿಸಬೇಕಿಲ್ಲ. ಅಮೂರ್ತ ಕಲೆಯೊಳಗೆ ಹೋಗಲು ಅಷ್ಟು ಸಾಕು.