ಕಂಪ್ರೆಸರ್ ಗಾಳಿ: ಸೋಸುವುದು, ಹದ ಮಾಡುವುದು, ಎಣ್ಣೆ ಕೊಡುವುದು

(ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರು ಮಾಡಿದ ಭಾಷಣ)



ಬೀಜ, ಗೊಬ್ಬರ, ಸಾಲ, ವಸೂಲಿ ಇವುಗಳ ಬಗ್ಗೆ ಹಿರಿಯರು ಆಗಲೇ ಮಾತನಾಡಿದ್ದಾರೆ. ನಮಗೆ ಒಪ್ಪಿಸಿದ್ದು ಸಂಘದ ರಿಪೇರಿ ಶೆಡ್ಡಿನ ಕಂಪ್ರೆಸರ್. ನಾವು ಇಂಜಿನಿಯರಲ್ಲ, ಒಕ್ಕಲುತನ ಮಾಡೋರು. ಆದರೆ ಈ ಯಂತ್ರದ ವಿಷಯದಲ್ಲಿ ಒಂದು ಪೆಟ್ಟು ತಿಂದು ಕಲಿತೀವಿ.

ನಮ್ಮ ಭಾಗಕ್ಕೆ ಗಾಳಿ ಯಂತ್ರ ಹೊಸದಲ್ಲ. ಬಾದಾಮಿಯ ಗುಹೆಗಳನ್ನು ಆರನೇ ಶತಮಾನದಲ್ಲಿ ಉಳಿ ಸುತ್ತಿಗೆಯಿಂದ ಕಡೆದರು. ಈಗ ಇಳಕಲ್ಲ, ಹುನಗುಂದ ಕಡೆಯ ಕೆಂಪು ಗ್ರಾನೈಟ್ ಕ್ವಾರಿಗಳಲ್ಲಿ ಬಂಡೆಗೆ ತೂತು ಹಾಕುವುದು ಗಾಳಿಯ ಜಾಕ್‌ಹ್ಯಾಮರ್. ಬಾಗಲಕೋಟೆಯ ಗ್ಯಾರೇಜುಗಳಲ್ಲಿ ನಟ್ಟು ಬಿಚ್ಚುವುದು, ಪೇಂಟ್ ಹೊಡೆಯುವುದು ಗಾಳಿಯಿಂದಲೇ. ನಮ್ಮ ಶೆಡ್ಡಿನಲ್ಲೂ ಟ್ರ್ಯಾಕ್ಟರ್ ಗಾಲಿ ಬಿಚ್ಚಲು, ಕೂರಿಗೆ ನೇಗಿಲಕ್ಕೆ ಬಣ್ಣ ಹೊಡೆಯಲು ಇದೇ ಆಧಾರ.

ಕಂಪ್ರೆಸರ್ ಕೊಡುವ ಗಾಳಿ ಹಾಗೇ ಬಳಸಲು ಬರುವುದಿಲ್ಲ. ಗಾಳಿಯನ್ನು ಒತ್ತಿದರೆ ಕಾಯುತ್ತದೆ. ಅದು ಆರಿದಾಗ ಅದರೊಳಗಿನ ತೇವ ನೀರಾಗುತ್ತದೆ, ತಣ್ಣನೆಯ ಕೊಡದ ಹೊರಗೆ ಹನಿ ಕೂಡುವ ಹಾಗೆ. ಆ ನೀರು, ಟ್ಯಾಂಕಿನ ತುಕ್ಕು, ಧೂಳು ಎಲ್ಲಾ ಕೂಡಿ ಗನ್ನಿನೊಳಗೆ ಹೋದರೆ ಅದು ಕೆಟ್ಟಂಗ ನೋಡ್ರಿ. ಅದಕ್ಕೇ ದಾರಿಯಲ್ಲಿ ಮೂರು ಸಾಮಾನು ಇರಬೇಕು: ಮೊದಲು ಫಿಲ್ಟರ್, ಆಮೇಲೆ ರೆಗ್ಯುಲೇಟರ್, ಕಡೆಗೆ ಲೂಬ್ರಿಕೇಟರ್. ಈ ಸಾಲು ತಪ್ಪಬಾರದು. ಪ್ರತಿಯೊಂದರ ಮೇಲೂ ಬಾಣದ ಗುರುತು ಇರುತ್ತದೆ, ಗಾಳಿ ಆ ದಿಕ್ಕಿಗೇ ಹೋಗಬೇಕು.

ಈಗ ನಮ್ಮ ತಪ್ಪಿನ ಮಾತು. ಒಂದು ಬ್ಯಾಸಿಗಿಯಲ್ಲಿ ಫಿಲ್ಟರಿನ ಪ್ಲಾಸ್ಟಿಕ್ ಬಟ್ಟಲು ಜಿಡ್ಡು ಹಿಡಿದು ಕಪ್ಪಾಗಿತ್ತು. ಶೆಡ್ಡಿನ ಹುಡುಗ, "ಸೋಪಿನ ನೀರಾಗ ತೊಳೀಲೇನ್ರಿ ಕಾಕಾ?" ಅಂದ. "ಸೋಪಿಗೆ ಜಿಡ್ಡು ಹೋಗಂಗಿಲ್ಲ, ಪೆಟ್ರೋಲಿನಾಗ ತೊಳಿ" ಅಂದವರು ನಾವೇ. ಬಟ್ಟಲು ಫಳಫಳ ಹೊಳೀತು. ನಾಲ್ಕು ದಿನಕ್ಕೆ ಅದರಲ್ಲಿ ಕೂದಲಿನಂಥ ಸೀಳು ಕಂಡವು. ನೋಡಿದ್ವಿ, ಆಯ್ತು ಬಿಡು ಅಂತ ಸುಮ್ಮನಾದ್ವಿ. ಮರುದಿನ ಗಾಳಿ ಬಿಟ್ಟಾಗ ಬಟ್ಟಲು ಸಿಡಿದು ಚೂರು ಹುಡುಗನ ಹುಬ್ಬಿಗೆ ಬಡಿಯಿತು. ಒಂದು ಬೆರಳು ಕೆಳಗಾಗಿದ್ದರೆ ಕಣ್ಣು ಹೋಗುತ್ತಿತ್ತು. ಬಟ್ಟಲಿನ ಸುತ್ತ ಹಾಕುವ ಲೋಹದ ಕವಚ ಅಂಗಡಿಯವರು ಕೊಟ್ಟೇ ಇದ್ದರು. ನೀರು ಕಾಣುವುದಿಲ್ಲ ಅಂತ ಬಿಚ್ಚಿಟ್ಟವರೂ ನಾವೇ. ಆ ಹುಡುಗನ ತಾಯಿ ಇದೇ ಸಭೆಯಲ್ಲಿ ಕುಂತಾರ. ಅವತ್ತು ಅವರು ನಮಗೆ ಒಂದು ಮಾತೂ ಅನ್ನಲಿಲ್ಲ. ಇವತ್ತು ಎಲ್ಲರ ಮುಂದೆ ನಮ್ಮ ತಪ್ಪು ಒಪ್ಪಿಕೊಳ್ಳುತ್ತೇವೆ.

ಆಮೇಲೆ ಬಲ್ಲವರನ್ನು ಕೇಳಿ ತಿಳಿದದ್ದು ಇಷ್ಟು. ಆ ಪ್ಲಾಸ್ಟಿಕ್ಕಿನ ಹೆಸರು ಪಾಲಿಕಾರ್ಬೊನೇಟ್. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್, ಬ್ರೇಕ್ ಎಣ್ಣೆ ಇವು ಅದರ ವೈರಿ. ಸೌಮ್ಯ ಸೋಪಿನ ನೀರೊಂದೇ ಸಾಕು. ಸಾಮಾನ್ಯವಾಗಿ ಇಂಥ ಬಟ್ಟಲಿನ ಮಿತಿ 150 ಪೌಂಡ್ ಒತ್ತಡ, 50 ಡಿಗ್ರಿ ಶಾಖ. ನಮ್ಮ ಬ್ಯಾಸಿಗಿಯೇ 40 ಡಿಗ್ರಿ ದಾಟುತ್ತದೆ. ಆದ್ದರಿಂದ ಕಾದ ಕಂಪ್ರೆಸರಿನ ಮಗ್ಗಲಿಗೆ ಇದನ್ನು ಕೂಡಿಸಬೇಡಿರಿ. ನೆರಳಿನಲ್ಲಿ, ಗಾಳಿ ಆರಿದ ಮೇಲೆ, ಕೆಲಸದ ಜಾಗದ ಹತ್ತಿರ ಕೂಡಿಸಿರಿ. ಬಿಸಿ ಗಾಳಿಯಲ್ಲಿನ ಆವಿಯನ್ನು ಫಿಲ್ಟರ್ ಹಿಡಿಯುವುದಿಲ್ಲ, ನೀರಾದದ್ದನ್ನು ಮಾತ್ರ ಹಿಡಿಯುತ್ತದೆ. ಶಾಖ, ರಾಸಾಯನಿಕ ಇರುವಲ್ಲಿ ಲೋಹದ ಬಟ್ಟಲೇ ಒಳ್ಳೆಯದು.

ಕೊಳ್ಳುವಾಗ ಪೈಪಿನ ಚೂಡಿ ಕೂಡಿದರೆ ಸಾಕು ಅನ್ನಬೇಡಿರಿ. ನಿಮಿಷಕ್ಕೆ ಎಷ್ಟು ಗಾಳಿ ಬೇಕು ಅಂತ ಲೆಕ್ಕ ಹಾಕಿರಿ. ಸಣ್ಣ ಫಿಲ್ಟರ್ ಹಾಕಿದರೆ ದೊಡ್ಡ ಗನ್ನು ಉಸಿರು ಕಟ್ಟುತ್ತದೆ. ನಟ್ಟಿನ ಗನ್ನಿಗೆ 40 ಮೈಕ್ರಾನ್ ಫಿಲ್ಟರ್ ನಡೆಯುತ್ತದೆ, ಬಣ್ಣದ ಕೆಲಸಕ್ಕೆ 5 ಮೈಕ್ರಾನ್ ಬೇಕು. ಫಿಲ್ಟರಿನ ಆಚೆ ಈಚೆ ಒತ್ತಡ 10 ಪೌಂಡ್ ವ್ಯತ್ಯಾಸ ಬಂದರೆ ಒಳಗಿನ ಸೋಸುಗ ಕಟ್ಟಿದೆ ಅಂತ ಅರ್ಥ, ಬದಲಿಸಿರಿ.

ರೆಗ್ಯುಲೇಟರನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸಿರಿ. ನಟ್ಟಿನ ಗನ್ನಿಗೆ 90 ಪೌಂಡ್ ಸಾಕು. ಹೆಚ್ಚು ಕೊಟ್ಟರೆ ಕೆಲಸ ಬೇಗ ಅನಿಸುತ್ತದೆ, ಗನ್ನೂ ಬೇಗ ಸವೆಯುತ್ತದೆ, ಕರೆಂಟೂ ಹೋಗುತ್ತದೆ. 3 ಮಿಲಿಮೀಟರ್ ತೂತಿನಿಂದ ಸೋರುವ ಗಾಳಿಯೇ ನಿಮಿಷಕ್ಕೆ 20 ಘನ ಅಡಿ ಮೀರುತ್ತದೆ. ಪೈಪಿನ ಕೂಡಿಗೆಗೆ ಸೋಪಿನ ನೊರೆ ಹಚ್ಚಿ ನೋಡಿರಿ, ಗುಳ್ಳೆ ಬಂದರೆ ಸೋರಿಕೆ.

ಲೂಬ್ರಿಕೇಟರಿಗೆ ಏರ್ ಟೂಲ್ ಎಣ್ಣೆಯನ್ನೇ ಹಾಕಿರಿ, ಬಳಸಿದ ಇಂಜಿನ್ ಆಯಿಲ್ ಬ್ಯಾಡವೇ ಬ್ಯಾಡ. ನಿಮಿಷಕ್ಕೆ ಒಂದೆರಡು ಹನಿಯಿಂದ ಶುರು ಮಾಡಿ. ಗಾಳಿ ಹೊರಬರುವಲ್ಲಿ ಬಿಳಿ ಕಾಗದ ಹಿಡಿದರೆ ಮಸುಕು ಕಲೆ ಬಿದ್ದರೆ ಸರಿ, ಎಣ್ಣೆ ಸುರಿದರೆ ಹೆಚ್ಚಾಯಿತು. ಬಣ್ಣ ಹೊಡೆಯುವ ಪೈಪಿಗೆ ಮಾತ್ರ ಲೂಬ್ರಿಕೇಟರ್ ಕೂಡದು, ಬಣ್ಣದಲ್ಲಿ ಎಣ್ಣೆ ಕಣ್ಣು ಬೀಳುತ್ತವೆ. ಬಾವಿಯ ಬಂಡೆ ಒಡೆಯುವ ಜಾಕ್‌ಹ್ಯಾಮರಿಗೆ ರಾಕ್ ಡ್ರಿಲ್ ಎಣ್ಣೆ, ದೊಡ್ಡ ಬಾಟಲಿ ಬೇರೆಯೇ ಬೇಕು.

ಶೆಡ್ಡಿನ ಗೋಡೆಗೆ ಈಗ ನಾಲ್ಕು ಸಾಲು ಬರೆಸಿದ್ದೇವೆ. ದಿನಾ ಸಂಜೆ ಟ್ಯಾಂಕು, ಫಿಲ್ಟರಿನ ನೀರು ಬಿಡು. ಬಿಚ್ಚುವ ಮುಂಚೆ ಗಾಳಿ ಪೂರಾ ಖಾಲಿ ಮಾಡು. ಬಟ್ಟಲು ಸೋಪಿನಲ್ಲೇ ತೊಳಿ. ಸೀಳು ಕಂಡರೆ ಅವತ್ತೇ ಬದಲಿಸು.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಅಂದಿನಿಂದ ಸಂಘದ ಸಾಮಾನು ಅಂದರೆ ಎಲ್ಲರದೂ. ಎಲ್ಲರದು ಅಂದಮೇಲೆ ಯಾರದೂ ಅಲ್ಲ ಅನ್ನುವ ಚಾಳಿ ನಮ್ಮಲ್ಲಿದೆ, ಅದನ್ನು ಬಿಡೋಣ. ಬಟ್ಟಲದ ಬೆಲೆ ಸಣ್ಣದು, ಹುಡುಗನ ಕಣ್ಣಿಗೆ ಬೆಲೆ ಕಟ್ಟಲಾಗದು. ಮುಂದೆ ಕೆಲಸ ಮಾಡುವ ಹುಡುಗರು ನಮಗೆ ಎದುರು ಹೇಳಿದರೆ ಮೊದಲು ಕೇಳಿಸಿಕೊಳ್ಳುತ್ತೇವೆ ಎಂದು ಮಾತು ಕೊಟ್ಟು ಮುಗಿಸುತ್ತೇವೆ.

ಜೈ ಸಹಕಾರ.