ಬಿಸಿಲೂ ಬೇಕು, ಸಗಣಿಯೂ ಬೇಕು
(ರಜತ ಮಹೋತ್ಸವದ ಸಭೆಯಲ್ಲಿ ಸಂಘದ ನಿರ್ದೇಶಕರು ಆಡಿದ ಮಾತು)



ಸಂಘದ ಕಟ್ಟಡಕ್ಕೆ ಸೋಲಾರ್ ಹಾಕಿಸೋಣ ಎಂಬ ಮಾತಿದೆ. ಹಾಕಿಸೋಣ. ಆದರೆ ನಮ್ಮ ಹೊಣಕೆರೆ ಕಡೆ ಹಾಲು ಬರೋದು ಹೊತ್ತು ಮೂಡುವ ಮುಂಚೆ, ಮತ್ತೆ ಹೊತ್ತು ಮುಳುಗುವಾಗ. ಆಗ ಬಿಸಿಲೆಲ್ಲಿ? ಕೂಲರಿನಲ್ಲಿ ಹಾಲು 4 ಡಿಗ್ರಿಗೆ ಇಳಿಯದೆ ಕೆಟ್ಟರೆ ನಷ್ಟ ನಮಗೇ.

ಆ ಹೊತ್ತಿಗೆ ಗೋಬರ್ ಗ್ಯಾಸ್ ಜೊತೆಗಿರಲಿ. ಪಕ್ಕದ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1987ರಲ್ಲೇ ಊರ ಸಗಣಿಯ ಗ್ಯಾಸಿಗೆ ಡೀಸೆಲ್ ಬೆರೆಸಿ ಎಂಜಿನ್ ಓಡಿಸಿ ಕರೆಂಟು ತೆಗೆದರು. ಮನೆಗೆ ದೀಪ ಬಂತು, ನಲ್ಲಿಗೆ ನೀರು ಬಂತು. ಸಗಣಿ ಕೊಟ್ಟವರಿಗೆ ಬಗ್ಗಡ ಗೊಬ್ಬರವಾಗಿ ವಾಪಸು ಸಿಕ್ಕಿತು. ಯಾರ ಹೊಲಕ್ಕೂ ನಷ್ಟವಾಗಲಿಲ್ಲ.

ನಾವೂ ಹಾಲಿನ ಹಾಗೆ ಸಗಣಿಯನ್ನೂ ತೂಗಿ ಪುಸ್ತಕಕ್ಕೆ ಬರೆಯಬೇಕಾಗುತ್ತೆ. ನಗುವವರು ನಗಲಿ. ದಿನಾ ಒಂದು ಮಂಕರಿ ತರುವವರು ಎಷ್ಟು ಮಂದಿ? ಮೊದಲು ಕೈ ಎತ್ತಿ, ಆಮೇಲೆ ಸೋಲಾರಿಗೆ ಕೊಟೇಶನ್ ತರಿಸೋಣ.