ರಾಶಿ ನೋಡಿ ಟ್ರಿಪ್ ಹೋಗೋದಾದ್ರೆ, ಯಾರ ರಾಶಿ?

ರಜೆ ಹತ್ತಿರ ಬಂತು ಅಂದ್ರೆ ಫೋನ್‌ನಲ್ಲಿ ಒಂದು ಪಟ್ಟಿ ತಪ್ಪದೆ ಬರುತ್ತೆ. ಮೇಷದವರು ಟ್ರೆಕ್ಕಿಂಗ್ ಹೋಗಿ, ಕಟಕದವರು ಬೀಚ್‌ಗೆ ಹೋಗಿ, ಕನ್ಯಾದವರು ಕಾಫಿ ತೋಟದ ಹೋಮ್‌ಸ್ಟೇಗೆ ಹೋಗಿ. ಇದರ ಹಿಂದಿರೋದು ಅಗ್ನಿ, ಭೂಮಿ, ವಾಯು, ಜಲ ಅನ್ನೋ ನಾಲ್ಕು ಗುಂಪು. ಕಟಕ, ವೃಶ್ಚಿಕ, ಮೀನ ಜಲರಾಶಿ, ಹಾಗಾಗಿ ಸಮುದ್ರ. ಅಷ್ಟೇ ಲೆಕ್ಕ.

ನಾನು ಓದಿದ್ದು ಬಿ.ಕಾಂ. ಯಾವ ಲೆಕ್ಕ ನೋಡಿದ್ರೂ ಬಿಲ್ ಕೇಳೋ ಚಟ. ಏಪ್ರಿಲ್ 5ಕ್ಕೆ ಹುಟ್ಟಿದವರನ್ನ ತಗೊಳ್ಳಿ. ಪಾಶ್ಚಾತ್ಯ ಪದ್ಧತಿಯಲ್ಲಿ ಅವರು ಮೇಷ. ನಮ್ಮ ಪಂಚಾಂಗದಲ್ಲಿ ಸೂರ್ಯ ಮೇಷಕ್ಕೆ ಬರೋದೇ ಏಪ್ರಿಲ್ 14ರ ಸುಮಾರಿಗೆ. ಅದೂ ಬಿಡಿ, ಮನೆಯಲ್ಲಿ "ನಿನ್ನ ರಾಶಿ" ಅಂತಾರಲ್ಲ, ಅದು ಚಂದ್ರನ ರಾಶಿ. ಚಂದ್ರ ಸುಮಾರು ಎರಡೂಕಾಲು ದಿನಕ್ಕೊಮ್ಮೆ ರಾಶಿ ಬದಲಾಯಿಸ್ತಾನೆ. ರೀಲ್‌ನಲ್ಲಿ ಮೇಷ ಆಗಿರೋರು ಜಾತಕದಲ್ಲಿ ತುಲಾ ಆಗಿರಬಹುದು. ಆಗ ಟ್ರೆಕ್ಕಿಂಗ್ ಶೂ ತಗೋಬೇಕಾ, ಬೇಡ್ವಾ?

ಹಾಗಂತ ರಾಶಿ ನೋಡಿ ಪ್ರಯಾಣ ಹೊರಡೋದು ನಮಗೆ ಹೊಸದಲ್ಲ. ಅಕ್ಟೋಬರ್ 17ರ ಆಸುಪಾಸಿಗೆ ಸೂರ್ಯ ತುಲಾ ರಾಶಿಗೆ ಬರ್ತಾನೆ. ಆ ಗಳಿಗೆಗೆ ಕೊಡಗಿನ ತಲಕಾವೇರಿಯಲ್ಲಿ ತೀರ್ಥೋದ್ಭವ. ಸೂರ್ಯನ ವರ್ಷ ಅಂದ್ರೆ 365 ದಿನದ ಮೇಲೆ ಇನ್ನೂ 6 ಗಂಟೆ ಚಿಲ್ಲರೆ, ಅದಕ್ಕೇ ಮುಹೂರ್ತ ವರ್ಷ ವರ್ಷ ಮುಂದಕ್ಕೆ ಜರುಗುತ್ತೆ. 2024ರಲ್ಲಿ ಬೆಳಗ್ಗೆ ಇತ್ತು, 2025ರಲ್ಲಿ ಮಧ್ಯಾಹ್ನ. ಕೆಲವು ವರ್ಷ ನಡುರಾತ್ರಿ, ಆಗಲೂ ಜನ ಆ ಚಳಿಯಲ್ಲಿ ಕಾಯ್ತಾರೆ. ಪುಷ್ಕರವೂ ಹಾಗೇ. ಗುರು ತುಲಾಕ್ಕೆ ಬಂದಾಗ ಕಾವೇರಿ ಪುಷ್ಕರ, 2017ರಲ್ಲಿ ಆಯ್ತು. ಮಕರಕ್ಕೆ ಬಂದಾಗ ತುಂಗಭದ್ರಾ, ಅದು 2020ರಲ್ಲಿ, ಕೊರೊನಾ ಮಧ್ಯೆ. ಇಲ್ಲೆಲ್ಲ ನೋಡೋ ರಾಶಿ ಸೂರ್ಯಂದು, ಗುರುದು. ನಿಮ್ಮದು ಯಾವುದಾದ್ರೂ ಇರಲಿ, ಎಲ್ರೂ ಮುಳುಗೋದು ಒಂದೇ ನೀರಲ್ಲಿ.

ಸ್ವಂತ ರಾಶಿ ಹಿಡ್ಕೊಂಡು ಜನ ಬಸ್ ಹತ್ತೋದು ಹೆಚ್ಚಾಗಿ ಶನಿ ವಿಷಯಕ್ಕೆ. ಸಾಡೇಸಾತಿ ಶುರುವಾದ್ರೆ ಪಾವಗಡದ ಶನಿ ದೇವಸ್ಥಾನಕ್ಕೆ ಹೋಗಿ ಬರ್ತಾರೆ. (ಅದೇ ತಾಲ್ಲೂಕಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಶನಿ ಸೂರ್ಯನ ಮಗ. ಅಪ್ಪ, ಮಗ ಇಬ್ರೂ ಒಂದೇ ಕಡೆ ಡ್ಯೂಟಿ ಮಾಡ್ತಿದ್ದಾರೆ.)

ಈ ಸಾಡೇಸಾತಿ ನಮ್ಮ ಕೇಳುಗರೊಬ್ಬರ ಟ್ರಿಪ್‌ಗೂ ಅಡ್ಡ ಬಂದಿದೆ. ಬೆಂಗಳೂರಲ್ಲಿ ಕೆಲಸ, ಮೀನ ರಾಶಿ, ಮೊದಲನೇ ಸಲ ಗೆಳತಿಯರ ಜೊತೆ ಹಂಪಿಗೆ ಹೊರಟಿದ್ದಾರೆ. ಖರ್ಚೆಲ್ಲ ಅವರ ಸಂಬಳದ್ದೇ. ಅಮ್ಮ ಬೇಡ ಅಂದ್ರು, ಶನಿ ಮೀನದಲ್ಲೇ ಕೂತಿದ್ದಾನಂತೆ. ಸರಿ, 2025ರ ಮಾರ್ಚ್‌ನಲ್ಲಿ ಬಂದು ಕೂತಿರೋದು ನಿಜ. ಆದ್ರೆ ಸಾಡೇಸಾತಿ ಏಳೂವರೆ ವರ್ಷ ಇರುತ್ತೆ, ಮತ್ತೆ ಅದು ಕುಂಭ, ಮೇಷದವರಿಗೂ ನಡೀತಿದೆ. ಇವರ ಅಣ್ಣಂದು ಕುಂಭ ರಾಶಿ. ಅವರು ಹೋದ ತಿಂಗಳು ಗೋವಾ ಹೋಗಿ ಬಂದ್ರು. ಯಾರೂ ಪಂಚಾಂಗ ತೆಗೀಲಿಲ್ಲ.

ನಾನು ಹೇಳಿದ್ದು, ಅಮ್ಮನ ಹತ್ರ ಶನಿ ಬಗ್ಗೆ ವಾದಕ್ಕೆ ಇಳೀಬೇಡಿ, ದಿನ ಕೇಳಿ. ಹಿರಿಯರ ಲೆಕ್ಕದಲ್ಲಿ ವಾರಶೂಲೆ ಅಂತ ಇದೆ. ಮಂಗಳವಾರ, ಬುಧವಾರ ಉತ್ತರಕ್ಕೆ ಹೋಗಬಾರದು, ಗುರುವಾರ ದಕ್ಷಿಣಕ್ಕೆ, ಹೀಗೆ. ಆದ್ರೆ ಹೋಗಲೇಬೇಕು ಅಂದ್ರೆ ದಾರಿನೂ ಅವರೇ ಇಟ್ಟಿದ್ರು: ಒಳ್ಳೆ ದಿನ ನೋಡಿ ಮುಂಚೆನೇ ಬ್ಯಾಗನ್ನ ಪಕ್ಕದ ಮನೇಲಿ ಇಟ್ಟುಬಿಡೋದು. ಹೊರಟ ಲೆಕ್ಕ! ಹೊರಡೋ ಮನಸ್ಸಿದ್ದವರು ಮಾಡಿದ ನಿಯಮ ಅದು.

ಹಂಪಿ ಬೆಂಗಳೂರಿಂದ ಉತ್ತರಕ್ಕೆ. ಶುಕ್ರವಾರದ ಶೂಲೆ ಪಶ್ಚಿಮಕ್ಕೆ. ಅವತ್ತು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ರೆ ಬೆಳಗ್ಗೆ ಹೊಸಪೇಟೆ. ಭಾನುವಾರ ವಾಪಸ್ ದಕ್ಷಿಣಕ್ಕೆ ಬರೋದಕ್ಕೂ ತೊಂದ್ರೆ ಇಲ್ಲ, ನೋಡಿಟ್ಟಿದ್ದೀನಿ. ಇಷ್ಟು ಹೇಳಿದ ಮೇಲೆ ಅಮ್ಮ ಕೇಳೋದು ಬೇರೆ: ಎಲ್ಲಿ ಉಳ್ಕೋತೀರಾ, ಜೊತೆಗೆ ಯಾರ್ಯಾರು. ಟಿಕೆಟ್, ಲಾಡ್ಜ್ ಫೋನ್ ನಂಬರ್, ಗೆಳತಿಯರ ಮನೆ ನಂಬರ್ ಒಂದೇ ಮೆಸೇಜ್‌ನಲ್ಲಿ ಕಳಿಸಿಬಿಡಿ. ಅಣ್ಣನ ಗೋವಾ ಫೋಟೋ ಮಾತ್ರ ಕೊನೇ ಅಸ್ತ್ರವಾಗಿ ಇಟ್ಕೊಳ್ಳಿ.